ಎರಡು ಗೆರೆ ಕೂಡುವಲ್ಲಿ

ನನಗೆ ಒಂಬತ್ತು ತುಂಬಿದ ವರ್ಷ ಅಣ್ಣ ಟೊಕುಜಿ
ದೋಣಿಯ ಮೂತಿಯಲ್ಲಿ ಕೂರಿಸಿ ಕಲಿಸಿದ್ದು ಇಷ್ಟೇ:
ಗುಡಿಯ ಹಿಂದಿನ ಪೈನ್ ಮರ
ಮೀನು ಕಾರ್ಖಾನೆಯ ಚಿಮ್ನಿಯ ಬೆನ್ನಿಗೆ ಅಡಗಬೇಕು.
ಈಚೆಗೆ, ಲೈಟ್‌ಹೌಸಿನ ನೆತ್ತಿಯ ಮೇಲೆ
ಹಂದಿಬೆನ್ನಿನ ಗುಡ್ಡದ ತುದಿ ಕೂರಬೇಕು.
ಎರಡು ಗೆರೆ ಕೂಡುವಲ್ಲಿ ಲಂಗರು ಬಿಡು.
ಕೆಳಗೆ ಬಂಡೆ, ಬಂಡೆಯ ಸಂದಿಯಲ್ಲಿ ಮೀನು.
"ನೀರಿಗೆ ಗುರುತಿಲ್ಲ ಚಿಸೆ, ಇರೋ ಗುರುತೆಲ್ಲ ದಡದ್ದು."
ಬೆಟ್ಟ ಹೊಂದಿಸುವುದು ಅನ್ನುತ್ತಾರೆ ನಮ್ಮ ಕೊಲ್ಲಿಯವರು ಇದಕ್ಕೆ.

ಟೋಕಿಯೋದ ಅಂಚಿನ ಈ ಕಿಟಕಿಯಿಲ್ಲದ ಕೋಣೆಯಲ್ಲಿ
ಈಗ ನಾನು ಮಾಡುತ್ತಿರುವುದೂ ಅದೇ ಕಸುಬು.
ದೋಣಿ ಮಾತ್ರ ಮೂವತ್ತು ಕೋಟಿ ಕಿಲೋಮೀಟರ್ ಆಚೆ.
ಇಲ್ಲಿಂದ ಕೂಗಿದರೆ ಅಲ್ಲಿಗೆ ಮುಟ್ಟಲು ಹದಿನೇಳು ನಿಮಿಷ,
ಓಗೊಡಲು ಮತ್ತೆ ಹದಿನೇಳು.
ಅಷ್ಟರಲ್ಲಿ ಬಂಡೆಗೆ ಬಡಿದು ಎಲ್ಲ ಮುಗಿದಿರುತ್ತದೆ.
ಅದಕ್ಕೇ ನೌಕೆಗೆ ಕಣ್ಣು ಕೊಟ್ಟೆವು,
ಕಣ್ಣಿಗೆ ಕಲ್ಲುಗಳ ಪಟ್ಟಿ ಕೊಟ್ಟೆವು,
ಇಳಿಯುವುದೋ ಬಿಡುವುದೋ ನಿನಗೇ ಬಿಟ್ಟಿದ್ದು ಅಂದೆವು.

ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕು ಕಲ್ಲು.
ಒಂದೊಂದರ ಎತ್ತರ, ಓರೆ, ಬಿಸಿಲು ಜಾರಿದಂತೆ
ನೆರಳು ಎಷ್ಟು ಬೆಳೆದೀತು ಎಂಬ ಲೆಕ್ಕ.
ಕಾಗದದಲ್ಲಿ ಬರೀ ಸಂಖ್ಯೆ. ರಾತ್ರಿ ಪಾಳಿಯಲ್ಲಿ ಹೆಸರು:
ಮೊಂಡಮೂಗ, ಹಳಸಿದ ಮೋಚಿ,
ಇಗುಚಿ ಸಾಹೇಬರ ಬೋಳುತಲೆ.
(ಸಾಹೇಬರಿಗೂ ಗೊತ್ತು. ಅವರೇ ಒಮ್ಮೆ ಕೇಳಿದ್ದರು,
"ನನ್ನ ತಲೆ ಇವತ್ತು ಸರಿಯಾಗಿ ಕಾಣುತ್ತಿದೆಯೇ?")

ಮೊದಲ ಸಲ ಮುಟ್ಟಿತು.
ಉಫ್ ಎಂದು ಊದಿ, ಎದ್ದ ಪುಡಿಯಲ್ಲಿ ಚಿಟಿಕೆ ನುಂಗಿ
ಮೇಲೆ ಬಂತು. ನಾವು ಅತ್ತೆವು, ತಂಪು ಚಹಾ ಕುಡಿದೆವು.
ಎರಡನೆಯ ಸಲ ಇಳಿಯುವ ಹೊತ್ತಿಗೆ
ನಾವೇ ಊದಿದ ಗಾಳಿಗೆ ಅಂಗಳ ಬೇರೆಯಾಗಿತ್ತು.
ಹೊಸ ಚಿತ್ರ ತಂದು, ಹೊಸ ಪಟ್ಟಿ ಬರೆದು,
ನೂರ ಹದಿನೇಳನ್ನು ಮಾತ್ರ ಇದ್ದಲ್ಲೇ ಇಟ್ಟಿದ್ದೆ,
ಎತ್ತರದಿಂದ ಅದರ ಕಪ್ಪು ಹಾಗೇ ಕಂಡಿತ್ತಾಗಿ.

ಅದು ಕಪ್ಪು ಅಷ್ಟೇ. ಕಲ್ಲು ಹಾರಿ ಹೋದ ಕುಳಿ.

ಇಪ್ಪತ್ತೆಂಟು ಮೀಟರ್.
ನೌಕೆ ನೋಡಿತು, ಹುಡುಕಿತು, ಮತ್ತೊಂದು ಸಲ ನೋಡಿತು.
ತಾಳೆ ಇಲ್ಲ.
ನಾವಿಲ್ಲಿ ಉಸಿರು ಬಿಗಿಹಿಡಿದ ಗಳಿಗೆಗೆ
ಅದು ಆಗಲೇ ತಿರುಗಿ ಮೇಲೆದ್ದು ಹದಿನೇಳು ನಿಮಿಷ.
ಪರದೆಯ ಮೇಲೆ ಎತ್ತರದ ಅಂಕಿ ಏರತೊಡಗಿತು.
ಯಾರೂ ನನ್ನತ್ತ ನೋಡಲಿಲ್ಲ. ಅದೇ ಕಷ್ಟವಾಯಿತು.

ಬೆಳಗಿನ ನಾಲ್ಕಕ್ಕೆ ಅಣ್ಣನಿಗೆ ಫೋನು ಮಾಡಿದೆ.
ಸಿಂಪಿ ತೆಪ್ಪದ ಕಡೆ ಹೊರಟಿದ್ದ, ಬಾಯಲ್ಲಿ ಏನೋ ಜಗಿಯುತ್ತಿದ್ದ.
ಆ ಮಾರ್ಚಿನ ನಂತರ, ಮರವೂ ಇಲ್ಲ, ಚಿಮ್ನಿಯೂ ಇಲ್ಲ,
ಮೊದಲ ದಿನ ಹೋದೆಯಲ್ಲ, ಏನು ಮಾಡಿದೆ ಅಂತ ಕೇಳಿದೆ.
"ಏನು ಮಾಡೋದು. ಸುಮ್ನೆ ವಾಪಸ್ ಬಂದೆ."
ಆಮೇಲೆ?
"ಗುಡ್ಡ ಇತ್ತಲ್ಲ. ತಡೆಗೋಡೆ ಕಟ್ಟೋಕೆ ಕ್ರೇನು ತಂದಿದ್ರು,
ಅದಕ್ಕೇ ಹೊಂದಿಸ್ಕೊಂಡೆ. ಎರಡು ವರ್ಷ ಚೆನ್ನಾಗಿತ್ತು.
ಆಮೇಲೆ ಕ್ರೇನೂ ಬಿಚ್ಕೊಂಡು ಹೋದ್ರು, ಬಡ್ಡಿಮಕ್ಳು."

ನಕ್ಕೆ, ಮೂಗು ಕಟ್ಟಿತ್ತು.
"ನಿನ್ನ ದೋಣಿ?" ಅಂದ.
ಚೆನ್ನಾಗಿದೆ. ಹೆದರಿ ಹಿಂದೆ ಬಂತು, ಅಂದೆ.
"ಹೆದರಿದ್ದಲ್ಲ ಅದು," ಅಂದವನ ಮುಂದಿನ ಮಾತು
ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ.

ಕೋಣೆಗೆ ಬಂದು ನೂರ ಹದಿನೇಳನ್ನು ಹೊಡೆದುಹಾಕಿದೆ.
ಹಿಂದೆ ಸರಿಯುತ್ತ ನೌಕೆ ತೆಗೆದ ಚಿತ್ರಗಳಲ್ಲಿ
ಕುಳಿಯ ಬಲಕ್ಕೆ, ಮೊಣಕಾಲೆತ್ತರದ್ದು, ಒಂದು ಮಗ್ಗುಲು ಬಿಳಿ,
ಎಲ್ಲಿಂದಲೋ ಬಂದು ಕೂತ ಕಲ್ಲು.
ಅಳತೆ ಬರೆದೆ. ನೆರಳಿನ ಉದ್ದ ಬರೆದೆ.
ಹೆಸರಿನ ಜಾಗದಲ್ಲಿ, ಪಾಳಿಯವರಿಗಾಗಿ, ಕ್ರೇನು.

ಇಗುಚಿ ಸಾಹೇಬರು ಭುಜದ ಮೇಲಿಂದ ಬಗ್ಗಿ
ಇದೇನಮ್ಮ ಅಂದರು.
ಸದ್ಯಕ್ಕೆ ಇರೋದು, ಅಂದೆ.